ಹಡಗು ನಿಂತರೂ ಉದ್ಘಾಟನೆ ನಿಲ್ಲಬಾರದು

ನಮ್ಮ ಬಂದರುಗಳಿಂದ ಸಮುದ್ರ ಪ್ರಯಾಣದ ಟ್ರೆಂಡ್ ಹೇಗಿದೆ ಅಂತ ತಿಳಿಯಬೇಕಾದರೆ ಪ್ರಯಾಣಿಕರನ್ನು ಎಣಿಸಬೇಡಿ. ಉದ್ಘಾಟನೆಗಳನ್ನು ಎಣಿಸಿ.

ತಮಿಳುನಾಡಿನ ನಾಗಪಟ್ಟಣಂನಿಂದ ಶ್ರೀಲಂಕಾದ ಕಾಂಕೇಸಂತುರೈಗೆ ಹೋಗುವ ಫೆರ್ರಿಯನ್ನೇ ನೋಡಿ. 2023ರ ಅಕ್ಟೋಬರ್ 14ರಂದು ಪ್ರಧಾನಿ ವಿಡಿಯೊ ಮೂಲಕ ಚಾಲನೆ ಕೊಟ್ಟರು. ಭಾಷಣದಲ್ಲಿ ಸಂಗಂ ಸಾಹಿತ್ಯ ಬಂತು, ಎರಡು ದೇಶಗಳ ಹಳೇ ನಂಟು ಬಂತು, ಹಿಂಗಾರು ಮಾತ್ರ ಬರಲಿಲ್ಲ. ಅದು ನೇರವಾಗಿ ಸಮುದ್ರಕ್ಕೇ ಬಂತು. 150 ಸೀಟಿನ ಹಡಗು ವಾರ ತುಂಬುವ ಹೊತ್ತಿಗೆ ದಡದಲ್ಲಿತ್ತು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಆ ಕರಾವಳಿಯಲ್ಲಿ ಮಳೆ ಗಾಳಿ ಜಾಸ್ತಿ ಅಂತ ಅಲ್ಲಿಯ ಮೀನುಗಾರರ ಮನೆಯ ಮಗುವಿಗೂ ಗೊತ್ತು. ಚಾಲನೆ ಕೊಟ್ಟ ದಿನ ಮಹಾಲಯ ಅಮಾವಾಸ್ಯೆ ಬೇರೆ. ಅದನ್ನೆಲ್ಲ ನಾನು ನಂಬುವವನಲ್ಲ ಬಿಡಿ, ಪಂಚಾಂಗ ನೋಡದಿದ್ದರೂ ಪರವಾಗಿಲ್ಲ, ಹವಾಮಾನ ಇಲಾಖೆಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು, ಅಲ್ವಾ?

2024ರ ಆಗಸ್ಟ್‌ನಲ್ಲಿ ಬೇರೆ ಹಡಗು, ಮತ್ತೆ ಆರಂಭ. ನವೆಂಬರ್‌ನಲ್ಲಿ ಮತ್ತೆ ರಜೆ. 2025ರ ಫೆಬ್ರವರಿಯಲ್ಲಿ ಮತ್ತೆ ಆರಂಭ. ವರದಿ ಬರೆಯುವವರಿಗೆ ಇದಕ್ಕಿಂತ ಒಳ್ಳೇ ಹಡಗು ಸಿಗಲ್ಲ, ಯಾಕೆಂದರೆ ಸೊನ್ನೆಯಿಂದ ಶುರುವಾದ ಗ್ರಾಫ್ ಯಾವಾಗಲೂ ಮೇಲಕ್ಕೇ ಹೋಗುತ್ತದೆ. ಒಬ್ಬನೇ ಪ್ರಯಾಣಿಕ ಹತ್ತಿದಾಗ ಒಂದು ಬಂದರಿನ ಲೆಕ್ಕಕ್ಕೆ, ಇಳಿದಾಗ ಇನ್ನೊಂದರ ಲೆಕ್ಕಕ್ಕೆ ಸೇರುವುದು ಬೇರೆ ಇದೆ. ಇದಕ್ಕೂ ಮೊದಲು, 2011ರಲ್ಲಿ ತೂತುಕುಡಿಯಿಂದ ಕೊಲಂಬೊಗೆ ಸಾವಿರ ಜನ ಹಿಡಿಸುವ ಹಡಗು ಬಿಟ್ಟಿದ್ದರು. ಜೂನ್‌ನಲ್ಲಿ ಹೊರಟಿತು, ನವೆಂಬರ್‌ನಲ್ಲಿ ಮುಗಿಯಿತು.

ಗುಜರಾತಿನದು ಇನ್ನೂ ಚೆಂದ. ಘೋಘಾದಿಂದ ದಹೇಜ್‌ಗೆ ರಸ್ತೆಯಲ್ಲಿ 300 ಕಿಲೋಮೀಟರಿಗೂ ಜಾಸ್ತಿ, ಸಮುದ್ರದಲ್ಲಿ ಸುಮಾರು 30. 2017ರ ಅಕ್ಟೋಬರ್‌ನಲ್ಲಿ ಅದ್ಧೂರಿ ಉದ್ಘಾಟನೆ. ಡಿಸೆಂಬರ್‌ನಲ್ಲಿ ಅಲ್ಲಿ ಚುನಾವಣೆ ಇತ್ತು, ಸುಮ್ನೆ ಹೇಳಿದೆ. 2019ರಲ್ಲಿ ಸೇವೆ ಬಂದ್. ಹೂಳು ತುಂಬಿ ಹಡಗಿಗೆ ಬೇಕಾದಷ್ಟು ಆಳ ಉಳಿದಿರಲಿಲ್ಲ. ದಹೇಜ್ ಹತ್ತಿರವೇ ಸಮುದ್ರ ಸೇರುವ ನರ್ಮದೆ ತಾನು ಹರಿಯಲು ಶುರು ಮಾಡಿದಾಗಿನಿಂದ ಅಲ್ಲಿಗೆ ಮಣ್ಣು ತಂದು ಹಾಕುತ್ತಿದ್ದಾಳೆ, ಪಾಪ ಅವಳಿಗೆ ಕಾರ್ಯಕ್ರಮದ ಆಹ್ವಾನಪತ್ರಿಕೆ ತಲುಪಿರಲಿಲ್ಲ. 2020ರಲ್ಲಿ ದಹೇಜ್ ಬಿಟ್ಟು ಸೂರತ್ ಬಳಿಯ ಹಜೀರಾಕ್ಕೆ ಹಡಗು ಬಿಟ್ಟರು. ಅದಕ್ಕೂ ಹೊಸ ಉದ್ಘಾಟನೆ.

ಬ್ರಿಟಿಷರ ಕಾಲದಲ್ಲಿ ಬೋಟ್ ಮೇಲ್ ಅಂತ ಒಂದಿತ್ತು. ಮದ್ರಾಸಿನಿಂದ ರಾಮೇಶ್ವರದ ತುದಿಯ ಧನುಷ್ಕೋಡಿಗೆ ರೈಲು, ಅಲ್ಲಿಂದ ಶ್ರೀಲಂಕಾದ ತಲೈಮನ್ನಾರ್‌ಗೆ ಸ್ಟೀಮರ್, ಆಮೇಲೆ ಕೊಲಂಬೊಗೆ ಮತ್ತೆ ರೈಲು. 1914ರಲ್ಲಿ ಶುರುವಾದದ್ದು 1964ರ ಚಂಡಮಾರುತ ಧನುಷ್ಕೋಡಿಯನ್ನೇ ನುಂಗುವವರೆಗೂ ನಡೆಯಿತು. ಅಷ್ಟು ವರ್ಷದಲ್ಲಿ ಮತ್ತೆ ಮತ್ತೆ ಉದ್ಘಾಟನೆ ಮಾಡಲು ಯಾರಿಗೂ ಪುರುಸೊತ್ತು ಸಿಕ್ಕಿರಲಿಕ್ಕಿಲ್ಲ, ಹಡಗು ಹೊರಡುವ ಹೊತ್ತಾಗಿರುತ್ತಿತ್ತಲ್ಲ.