ಗೇಮ್ ತೆಗೆದರೂ ಡ್ರೈವರ್ ಮನೆ ಬಿಡಲ್ಲ

'ಒಪ್ಪಿದೆ' ಒತ್ತದಿದ್ದರೆ ಗೇಮೇ ತೆರೆಯಲ್ಲ. ಇದನ್ನು ಒಪ್ಪಿಗೆ ಅಂತ ಯಾವ ಬಾಯಲ್ಲಿ ಹೇಳ್ತಾರೋ! ಮೊದಲು ದುಡ್ಡು ಕಟ್ಟಿಸಿಕೊಂಡು, ರಾತ್ರಿಯಿಡೀ ಡೌನ್‌ಲೋಡ್ ಮಾಡಿಸಿ, ಆಮೇಲೆ ಕರಾರು ತೋರಿಸೋದು. ಮೂಗು ಹಿಡಿದು ಬಾಯಿ ಬಿಡಿಸೋದು ಅಂದರೆ ಇದೇ. ಆ ಕರಾರಿನಲ್ಲಿ ಆಂಟಿ-ಚೀಟ್‌ಗೂ ನಿಮ್ಮ ಒಪ್ಪಿಗೆ ಸೇರಿರುತ್ತೆ, ಅಂದರೆ ಮೋಸದ ಸಾಫ್ಟ್‌ವೇರ್ (ಚೀಟ್) ಹಾಕಿ ಆಡೋರನ್ನು ಹಿಡಿಯೋಕೆ ಅಂತ ನಿಮ್ಮ ಕಂಪ್ಯೂಟರಿನೊಳಗೆ ಕಣ್ಣಿಡುವ ಪ್ರೋಗ್ರಾಮ್‌ಗೆ.

ಚಾಳಿ ಹಳೇದು. 'ಕಂಪ್ಯೂಟರಿನ ರ್ಯಾಮ್ ಮೇಲೆ ನಿಗಾ ಇಡಬಹುದು' ಅಂತ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕರಾರಿನಲ್ಲೇ ಬರೆದಿತ್ತು. ಅದರ ಆಂಟಿ-ಚೀಟ್ ಆದ ವಾರ್ಡನ್, ತೆರೆದಿದ್ದ ಬೇರೆ ವಿಂಡೋಗಳ ಹೆಸರುಗಳನ್ನೂ ಓದುತ್ತೆ ಅಂತ 2005ರಲ್ಲಿ ಗೊತ್ತಾದಾಗ ದೊಡ್ಡ ಗಲಾಟೆಯೇ ಆಯ್ತು. ಈಗಿನದರ ಮುಂದೆ ಅದು ಪಾಪದ ಪ್ರಾಣಿ.

2020ರಲ್ಲಿ ರಯಟ್ ಕಂಪನಿಯ ವ್ಯಾಲೊರಂಟ್ ಗೇಮ್ ಜೊತೆ ಬಂದ ಆಂಟಿ-ಚೀಟ್ ವ್ಯಾನ್‌ಗಾರ್ಡ್ ನೋಡಿ. ಗೇಮ್ ತೆರೆದಾಗಲ್ಲ, ವಿಂಡೋಸ್ ಏಳುವಾಗಲೇ ಕರ್ನೆಲ್‌ನಲ್ಲಿ ಕೂರುವ ಹಾಗೆ ಅದನ್ನು ಮಾಡಿದ್ದರು. ಕರ್ನೆಲ್ ಅಂದರೆ ವಿಂಡೋಸ್‌ನ ಒಳಕೋಣೆ, ನಿಮ್ಮ ಆಂಟಿವೈರಸ್ ಕೂರುವ ಜಾಗ. ಅಲ್ಲಿ ಕೂರುವ ಪ್ರೋಗ್ರಾಮ್‌ಗೆ ಡ್ರೈವರ್ ಅಂತಾರೆ, ಅದಕ್ಕೆ ಯಾವ ಬಾಗಿಲಲ್ಲೂ ಬೀಗವೇ ಇಲ್ಲ. ಕೆಳಗಿನ ಟ್ರೇ ಐಕಾನ್‌ನಿಂದ ಅದನ್ನು ನಿಲ್ಲಿಸಬಹುದು, ಆದರೆ ಮತ್ತೆ ಆಡಬೇಕಾದರೆ ರೀಸ್ಟಾರ್ಟ್ ಮಾಡಬೇಕು. ಬೇಸತ್ತು ಹಾಗೇ ಬಿಟ್ಟುಬಿಡಲಿ ಅಂತಲೇ ಇರಬೇಕು!

ಚೀಟ್ ಹಾಕೋರನ್ನು ಹಿಡಿಯೋದು ಬೇಡ ಅಂತಲ್ಲ. ಆದರೆ ಇಲಿ ಬಂತು ಅಂತ ಮನೆಗೇ ಬೆಂಕಿ ಇಡ್ತಾರಾ? ಗೆನ್‌ಶಿನ್ ಇಂಪ್ಯಾಕ್ಟ್ ಗೇಮಿನ ಆಂಟಿ-ಚೀಟ್ ಡ್ರೈವರ್ ಎಂಎಚ್‌ವೈಪ್ರಾಟ್2 ಕಥೆ ಅದೇ. ಅದಕ್ಕೆ ಅಸಲಿ ಡಿಜಿಟಲ್ ಸಹಿ ಇದ್ದದ್ದರಿಂದ ವಿಂಡೋಸ್ ಪ್ರಶ್ನೆ ಕೇಳದೆ ಒಳಗೆ ಬಿಟ್ಟುಕೊಳ್ತಿತ್ತು. ಫೈಲ್‌ಗಳಿಗೆ ಬೀಗ ಜಡಿದು ದುಡ್ಡು ಕೇಳುವ ರ್‍ಯಾನ್ಸಮ್‌ವೇರ್ ಗುಂಪು ಆ ಡ್ರೈವರ್ ಫೈಲನ್ನು ತಾನೇ ಹೊತ್ತು ತಂದು, ಅದರಿಂದಲೇ ಆಂಟಿವೈರಸ್ ಕೊಂದದ್ದು 2022ರಲ್ಲಿ ಬಯಲಾಯ್ತು. ಆ ಕಂಪ್ಯೂಟರಿನಲ್ಲಿ ಗೇಮ್ ಇರಬೇಕು ಅಂತಲೂ ಇರಲಿಲ್ಲ. ಅಂದರೆ ಆಟವನ್ನೇ ಆಡದವನಿಗೂ ಪಾಲು!

ಇನ್ನು ಅನ್‌ಇನ್‌ಸ್ಟಾಲ್. ಗೇಮ್ ತೆಗೆದರೆ ಎಲ್ಲ ಹೋಯ್ತು ಅಂದುಕೊಂಡಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ ಪಟ್ಟಿ ತೆಗೆದು ನೋಡಿ, 'ರಯಟ್ ವ್ಯಾನ್‌ಗಾರ್ಡ್' ಅಂತ ಬೇರೆಯೇ ಸಾಲು ಇರುತ್ತೆ. ಅದನ್ನೂ ತೆಗೆದು, ರೀಸ್ಟಾರ್ಟ್ ಮಾಡಿ, ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಎಸ್‌ಸಿ ಕ್ವೆರಿ ವಿಜಿಕೆ' (sc query vgk) ಕೊಡಿ, ವಿಜಿಕೆ ಅನ್ನೋದು ವ್ಯಾನ್‌ಗಾರ್ಡ್ ಡ್ರೈವರ್ ಹೆಸರು. 'ರನ್ನಿಂಗ್' ಅಂತ ಬಂದರೆ ಮಹಾಶಯ ಇನ್ನೂ ಒಳಗೇ ಇದ್ದಾನೆ.

ಮಾತಿನದ್ದು ಇನ್ನೊಂದು ತಲೆನೋವು. ವಾಯ್ಸ್ ಚಾಟ್ ರೆಕಾರ್ಡ್ ಮಾಡುವ ಅಧಿಕಾರವನ್ನು ರಯಟ್ 2021ರಲ್ಲಿ ತನ್ನ ಪ್ರೈವಸಿ ನೋಟಿಸ್‌ಗೆ ಸೇರಿಸಿತು. ಬೇಡವೇ? ವಾಯ್ಸ್ ಚಾಟ್ ಆಫ್ ಮಾಡಿಕೊಳ್ಳಿ ಅಂತ ಉತ್ತರ. ಐದು ಜನರ ಟೀಮ್ ಆಟದಲ್ಲಿ ಬಾಯಿಗೆ ಬಟ್ಟೆ ಕಟ್ಟಿಕೊಂಡು ಆಡಬೇಕಂತೆ.

ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ. ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲೂ, ಅಂದರೆ ಕನ್ನಡದಲ್ಲೂ, ನೋಟಿಸ್ ಓದುವ ಆಯ್ಕೆ ಕೊಡಬೇಕು ಅನ್ನುತ್ತೆ. 18 ತುಂಬದವರಿಗೆ ಪೋಷಕರ ಒಪ್ಪಿಗೆ ಬೇಕು ಅನ್ನುತ್ತೆ. ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ, ಮುಖ್ಯವಾದ ಕಟ್ಟುಪಾಡುಗಳಿಗೆ ಅಲ್ಲಿಂದ 18 ತಿಂಗಳ ಗಡುವು. ಅಲ್ಲಿಯವರೆಗೆ ಹುಟ್ಟಿದ ವರ್ಷದ ಪಟ್ಟಿಯಲ್ಲಿ 2000 ಅಂತ ಒತ್ತಿದ ಹತ್ತು ವರ್ಷದ ಹುಡುಗನೂ ಇವರ ಲೆಕ್ಕದಲ್ಲಿ ಕರಾರಿಗೆ ಒಪ್ಪಿದ ದೊಡ್ಡ ಮನುಷ್ಯನೇ.