ಚಿಕ್ಕಪ್ಪನ ತೋಟ ಕಾಡಾಯ್ತು

ತೀರ್ಥಹಳ್ಳಿ ಕಡೆ ನಮ್ಮ ಚಿಕ್ಕಪ್ಪನದ್ದು ಮೂರು ಎಕರೆ ಅಡಿಕೆ ತೋಟ. ಮೊನ್ನೆ ಹೋದವನು ಬಾಯಿ ಮುಚ್ಚಿಕೊಂಡು ಇರಲಾರದೆ, "ಚಿಕ್ಕಪ್ಪ, ಸರ್ಕಾರದ ಲೆಕ್ಕದಲ್ಲಿ ನಿಮ್ಮ ತೋಟ ಕಾಡು" ಎಂದುಬಿಟ್ಟೆ.

ಬಾಯಿಗೆ ಹೊರಟಿದ್ದ ಕವಳ ಅರ್ಧದಲ್ಲೇ ನಿಂತಿತು. ಮಲೆನಾಡಿನ ಬೆಳೆಗಾರರಿಗೆ ಕಾಡು ಎಂದರೆ ಮರವಲ್ಲ, ಒತ್ತುವರಿ ತೆರವಿನ ನೋಟಿಸು. "ಯಾವನೋ ಅಂದಿದ್ದು? ಪಹಣಿ ಇದ್ಯಲ್ಲ ಮಾರಾಯ!" ಎನ್ನುತ್ತಾ ಟ್ರಂಕು ತೆಗೆಯಲು ಒಳಗೆ ಓಡಿದರು.

ಕೂರಿಸಿ ಸಮಾಧಾನ ಹೇಳಿದೆ. ಡೆಹ್ರಾಡೂನಿನ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಉಪಗ್ರಹದ ಚಿತ್ರ ನೋಡಿ ದೇಶದ ಕಾಡು ಅಳೆದು ವರದಿ ಕೊಡುತ್ತದೆ. ಕನಿಷ್ಠ ಒಂದು ಹೆಕ್ಟೇರು, ಅಂದರೆ ಸುಮಾರು ಎರಡೂವರೆ ಎಕರೆ ಇದ್ದು, ಅದರಲ್ಲಿ ಶೇ. 10ಕ್ಕಿಂತ ಜಾಸ್ತಿ ನೆಲದ ಮೇಲೆ ಮರದ ಹಸಿರು ಹರಡಿದ್ದರೆ ಅದು ಅರಣ್ಯ ಹೊದಿಕೆ. ಯಾರ ಜಾಗ, ಯಾವ ಮರ ಎಂದು ಕೇಳುವುದಿಲ್ಲ. ಕಾನು ಅನ್ನುವ ನಮ್ಮ ಹಳೇ ದಟ್ಟ ಅಡವಿಯೂ ಕಾಡೇ, ಅಡಿಕೆ ತೋಟವೂ ಕಾಡೇ. ಕಾಗದಕ್ಕೆಂದು ನೆಟ್ಟ ಅಕೇಶಿಯಾ ತೋಪೂ ಕಾಡೇ. ಭದ್ರಾವತಿಯ ಕಾಗದದ ಕಾರ್ಖಾನೆ ನಿಂತುಹೋಯಿತು, ತೋಪು ಮಾತ್ರ ನಿಂತೇ ಇದೆ. (ತೋಟ, ತೋಪು ಸೇರಿಸಿದ್ದನ್ನು ವರದಿಯವರೇನೂ ಮುಚ್ಚಿಟ್ಟಿಲ್ಲ, ಬರೆದೇ ಇದ್ದಾರೆ. ಆ ಪುಟ ಹಾರಿಸಿ "ಕಾಡು ಹೆಚ್ಚಿದೆ" ಎಂದು ಭಾಷಣ ಮಾಡುವವರ ಜಾಣತನ ಬೇರೆ.)

ಚಿಕ್ಕಪ್ಪ ನಿಧಾನಕ್ಕೆ ಕವಳ ಬಾಯಿಗಿಟ್ಟರು. "ಹಂಗಾದ್ರೆ ಕಾನು ಕಡಿದು ಅಡಿಕೆ ಹಾಕಿದ್ರೆ?"

"ಸಸಿ ದೊಡ್ಡದಾದ ಮೇಲೆ ಮತ್ತೆ ಕಾಡೇ."

"ಅಂದ್ರೆ ಮೇಲಿನಮನೆಯವನು ಮಾಡಿದ್ದು ಒತ್ತುವರಿ ಅಲ್ಲ, ವನಮಹೋತ್ಸವ!"

ಈ ಲೆಕ್ಕ ತಿಳಿಯದೇ ಇರುವುದು ಮಂಗಟ್ಟೆ ಹಕ್ಕಿಗೆ (ಹಾರ್ನ್‌ಬಿಲ್) ಮಾತ್ರ. ಅದರಲ್ಲೂ ದೊಡ್ಡ ಜಾತಿಯದು ಕೊಕ್ಕಿನಿಂದ ಬಾಲದವರೆಗೆ ಒಂದು ಮೀಟರು ಉದ್ದ. ಅದಕ್ಕೆ ಮುದಿ ಮರದ ಪೊಟರೆಯೇ ಬೇಕು. ಹೆಣ್ಣು ಒಳಗೆ ಹೋಗಿ, ಸಣ್ಣ ಸೀಳು ಬಿಟ್ಟು ಬಾಗಿಲು ಮೆತ್ತಿಕೊಂಡು ತಿಂಗಳುಗಟ್ಟಲೆ ಕೂರುತ್ತದೆ. ಗಂಡು ಅತ್ತಿ, ಗೋಳಿ, ಬಸರಿ ಹಣ್ಣು ತಂದು ತಂದು ಉಣಿಸುತ್ತದೆ. ತೊಡೆ ದಪ್ಪವೂ ಇಲ್ಲದ ಅಡಿಕೆ ಮರದಲ್ಲಿ ಬಾಣಂತನ ಎಲ್ಲಿ ಮಾಡಬೇಕು ಅದು?

ಇನ್ನು ಪೊಟರೆ ಇರುವ ಮರವೋ, ನಮ್ಮ ಕಣ್ಣಿಗೆ ಅದು ಪೊಳ್ಳು ಮರ. ನಾಟಾಕ್ಕೆ ಬರುವುದಿಲ್ಲ, ರಸ್ತೆ ಪಕ್ಕದಲ್ಲಿದ್ದರೆ ಅಪಾಯ. ಗರಗಸ ಮೊದಲು ಹೋಗುವುದೇ ಅಲ್ಲಿಗೆ. ಬದಲಿಗೆ ಹತ್ತು ಸಸಿ ನೆಡ್ತೀವಲ್ಲ ಎನ್ನುತ್ತಾರೆ. ಅಜ್ಜನ ಕಾಲದ ತೊಟ್ಟಿಮನೆ ಕೆಡವಿ ಹತ್ತು ಇಟ್ಟಿಗೆ ಕೈಗೆ ಕೊಟ್ಟ ಹಾಗೆ. ಮಂಗಟ್ಟೆ ಜೋಡಿ ವರ್ಷ ವರ್ಷ ಅದೇ ಪೊಟರೆ ಹುಡುಕಿಕೊಂಡು ಬರುತ್ತದೆ. ಬಂದಾಗ ಸಸಿಗೆ ಕಟ್ಟಿದ ಬೋರ್ಡಿನ ಮೇಲೆ ಕೂರಬಹುದು, ಭಾರ ತಡೆದರೆ.

ಇಷ್ಟು ಕೊರೆದ ಮೇಲೆ ಚಿಕ್ಕಪ್ಪನ ಮನಸ್ಸು ಕರಗಿರಬೇಕು ಎಂದುಕೊಂಡೆ. ತೋಟದ ಅಂಚಿನಲ್ಲಿ ಅವರದ್ದೇ ಒಂದು ಹಳೇ ಗೋಳಿಮರ ಇದೆ. ಹಣ್ಣಾದಾಗ ಹಕ್ಕಿಗಳ ಗದ್ದಲಕ್ಕೆ ಮಧ್ಯಾಹ್ನದ ನಿದ್ದೆಯೂ ಬರುವುದಿಲ್ಲ. ಅದರ ನೆರಳು ಅಡಿಕೆಗೆ ಬೀಳುತ್ತದೆ ಎಂದು ಅವರಿಗೆ ಮೊದಲಿನಿಂದ ಸಿಟ್ಟು.

"ಆ ಗೋಳಿಮರ ಉಳಿಸ್ತೀರಿ ಅಲ್ವಾ ಚಿಕ್ಕಪ್ಪ?"

"ನೀನೇ ಹೇಳಿದ್ಯಲ್ಲೋ, ಎರಡೂವರೆ ಎಕರೆ ಇರಬೇಕು ಅಂತ. ಅದು ಒಂದೇ ಮರ. ಲೆಕ್ಕಕ್ಕೇ ಇಲ್ಲ."

ಗರಗಸದವನಿಗೆ ಫೋನು ಹಚ್ಚಿದರು.