ಬೈಯಲಿಕ್ಕೂ ಲೈಸೆನ್ಸ್ ಬೇಕು

ನಮ್ಮ ಬೀದಿಯಲ್ಲಿ ಟಿವಿಯನ್ನು ಎಲ್ಲರಿಗಿಂತ ಹೆಚ್ಚು ಬೈಯುವವರು ಪಕ್ಕದ ಮನೆಯ ಅಜ್ಜಿ. ಎಂಬತ್ತೈದು ದಾಟಿದ ಜೀವ. ಬೆಳಿಗ್ಗೆ ನಾನು ಕಸದ ಡಬ್ಬ ಹೊರಗಿಡಲು ಹೋದರೆ ಬೇಲಿಯಾಚೆ ಕಾದು ನಿಂತಿರುತ್ತಾರೆ. "ನಿನ್ನೆ ನೋಡಿದೆಯಾ? ಅಷ್ಟು ಚೆಂದದ ಪೆಂಗ್ವಿನ್ ಹಿಂಡು. ಅವುಗಳ ದನಿ ಕೇಳೋಣವೆಂದರೆ ಉದ್ದಕ್ಕೂ ಪಿಟೀಲು ಕುಯ್ದಿದ್ದಾರೆ. ಹಕ್ಕಿಗೆ ವಾದ್ಯಗೋಷ್ಠಿ ಯಾಕೆ ಬೇಕು?" ಬೈಗುಳದ ಕೊನೆಗೆ ಒಂದು ಮಾತು ಬಂದೇ ಬರುತ್ತದೆ: "ಅದು ನನ್ನ ದುಡ್ಡು."

ನಾನಿರುವುದು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ. ಬಂದು ಇಪ್ಪತ್ತು ವರ್ಷವಾಯಿತು. ಬಿಬಿಸಿಯ ವನ್ಯಜೀವಿ ಚಿತ್ರಗಳ ವಿಭಾಗ 1957ರಿಂದ ನೆಲೆ ನಿಂತಿರುವುದು ಇದೇ ಊರಿನಲ್ಲಿ. ಗಾಂಧಿನಗರದಲ್ಲಿ ಸಿನಿಮಾದವರು ಸಿಗುವ ಹಾಗೆ ಇಲ್ಲಿ ಆರು ತಿಂಗಳು ಹಿಮದಲ್ಲಿ ಕೂತು ಬಂದ ಕ್ಯಾಮೆರಾದವರು ಬಸ್ಸಿನ ಪಕ್ಕದ ಸೀಟಿನಲ್ಲಿ ಸಿಗುತ್ತಾರೆ. ಆದರೆ ನಾನು ಹೇಳಹೊರಟಿರುವುದು ಅವರ ಜಾಣತನದ ಬಗ್ಗೆ ಅಲ್ಲ. ಜಾಣರು ನಮ್ಮಲ್ಲೂ ಇದ್ದಾರೆ. ಅಜ್ಜಿಯ ಆ ಕೊನೆಯ ಮಾತಿನ ಬಗ್ಗೆ.

ಈ ದೇಶದಲ್ಲಿ ಯಾವ ಚಾನೆಲ್ಲನ್ನೇ ಆಗಲಿ ನೇರ ಪ್ರಸಾರದಲ್ಲಿ ನೋಡಬೇಕೆಂದರೆ ಮನೆಗೊಂದು ಟಿವಿ ಲೈಸೆನ್ಸ್ ಬೇಕು. ಆ ಹಣದಲ್ಲೇ ಮುಖ್ಯವಾಗಿ ಬಿಬಿಸಿ ನಡೆಯುವುದು. 2025ರ ಏಪ್ರಿಲ್‌ನಿಂದ ಅದರ ದರ ವರ್ಷಕ್ಕೆ 174.50 ಪೌಂಡ್ ಇತ್ತು, ನಮ್ಮ ಲೆಕ್ಕದಲ್ಲಿ ಇಪ್ಪತ್ತು ಸಾವಿರ ರೂಪಾಯಿ ಆಸುಪಾಸು. ಕಪ್ಪುಬಿಳುಪು ಟಿವಿಗಾದರೆ ಆಗ 58.50 ಇತ್ತು. ನಂಬಿ, ಇಂದಿಗೂ ಕಪ್ಪುಬಿಳುಪಿನ ಲೈಸೆನ್ಸ್ ಇಟ್ಟುಕೊಂಡವರು ಕೆಲವು ಸಾವಿರ ಮಂದಿ ಇದ್ದಾರೆ. ಎಷ್ಟು ಮನೆಗಳಲ್ಲಿ ನಿಜಕ್ಕೂ ಕಪ್ಪುಬಿಳುಪಿನ ಟಿವಿ ಇದೆಯೋ ಆ ದೇವರಿಗೇ ಗೊತ್ತು. ಕಟ್ಟದೆ ನೋಡಿದರೆ ಅಪರಾಧ, ಕೋರ್ಟಿನಲ್ಲಿ ದಂಡ. 75 ದಾಟಿದವರಿಗೆಲ್ಲ ಮೊದಲು ಪುಕ್ಕಟೆಯಾಗಿತ್ತು. 2020ರ ಆಗಸ್ಟ್‌ನಲ್ಲಿ ಅದನ್ನು ಸರ್ಕಾರದ ಪೆನ್ಷನ್ ಕ್ರೆಡಿಟ್ ಪಡೆಯುವ ಬಡ ಹಿರಿಯರಿಗಷ್ಟೇ ಉಳಿಸಿದರು. ನಮ್ಮ ಅಜ್ಜಿ ಎಂಬತ್ತರ ಪ್ರಾಯದಲ್ಲಿ ಮತ್ತೆ ದುಡ್ಡು ಕಟ್ಟಲು ಶುರುಮಾಡಿದರು. ಬೈಗುಳ ಇಮ್ಮಡಿಯಾದದ್ದು ಅಂದಿನಿಂದ.

ಬಂದ ಹೊಸತರಲ್ಲಿ ನನಗೆ ಇದು ಹಾಡುಹಗಲ ದರೋಡೆ ಅನ್ನಿಸಿತ್ತು. ನಾನು ನೋಡುವುದು ಕ್ರಿಕೆಟ್, ಅದೂ ಬೇರೆ ಚಾನೆಲ್ಲಿನಲ್ಲಿ, ಬಿಬಿಸಿಗೇಕೆ ಕಟ್ಟಬೇಕು? ರಾಯಚೂರು ಜಿಲ್ಲೆ ಮಾನ್ವಿ ತಾಲೂಕಿನ ನಮ್ಮೂರಿಗೆ ಫೋನು ಹಚ್ಚಿ ಅಣ್ಣನ ಮುಂದೆ ಗೋಳು ತೋಡಿಕೊಂಡೆ. ಅವನು ನಕ್ಕ. "ಯಾಕಲೇ ತಮ್ಮಾ, ಅಪ್ಪ ರೇಡಿಯೋಕ್ಕ ಕಟ್ತಿದ್ದಿಲ್ಲೇನು?"

ಹೌದಲ್ಲ! ಮರೆತೇ ಹೋಗಿತ್ತು. ರೇಡಿಯೋ ಲೈಸೆನ್ಸಿನ ಸಣ್ಣ ಪುಸ್ತಕ ಟ್ರಂಕಿನಲ್ಲಿ ಹೊಲದ ಪಹಣಿಯ ಜೊತೆಗಿರುತ್ತಿತ್ತು. ವರ್ಷಕ್ಕೊಮ್ಮೆ ಅಪ್ಪ ಪೋಸ್ಟಾಫೀಸಿಗೆ ಹೋಗಿ ಹಣ ಕಟ್ಟಿ ಸ್ಟಾಂಪು ಹಚ್ಚಿಸಿಕೊಂಡು ಬರುತ್ತಿದ್ದ. ಎಂಬತ್ತರ ದಶಕದ ನಡುವೆ ಸರ್ಕಾರ ಆ ಪದ್ಧತಿಯನ್ನೇ ತೆಗೆದುಹಾಕಿತು. ಎಲ್ಲರಿಗೂ ಖುಷಿ. ಆ ಸ್ಟಾಂಪಿನ ಜೊತೆ ಇನ್ನೊಂದೂ ಹೋಯಿತು ಎಂದು ನನಗೆ ಹೊಳೆದದ್ದು ಮೂವತ್ತು ವರ್ಷ ತಡವಾಗಿ, ಈ ಅಜ್ಜಿಯ ಬೇಲಿಯ ಪಕ್ಕದಲ್ಲಿ.

ನಾನು ಬಂದ ಹೊಸತು, 2006ರ ವಸಂತ. ಬಿಬಿಸಿಯ ಪ್ಲಾನೆಟ್ ಅರ್ಥ್ ಎಂಬ ಪ್ರಕೃತಿ ಸರಣಿ ಆಗಷ್ಟೇ ಶುರುವಾಗಿತ್ತು. ನಾಲ್ಕು ವರ್ಷಕ್ಕೂ ಮಿಕ್ಕಿ ದುಡಿದು ತೆಗೆದ ಹನ್ನೊಂದು ಕಂತು. ನನ್ನನ್ನು ಹಿಡಿದು ಕೂರಿಸಿದ್ದು ಹಿಮಚಿರತೆಯಲ್ಲ, ಪ್ರತಿ ಕಂತಿನ ಬಾಲಕ್ಕೆ ಕಟ್ಟಿದ ಹತ್ತು ನಿಮಿಷ. ಈ ದೃಶ್ಯ ಹಿಡಿದದ್ದು ಹೇಗೆ, ಎಷ್ಟು ವಾರ ಕಾದರು, ಎಲ್ಲಿ ಸೋತರು ಎಂದು ಆ ಹತ್ತು ನಿಮಿಷದಲ್ಲಿ ತೋರಿಸುತ್ತಿದ್ದರು. ಇದರ ಹಿಂದೆ ಒಂದು ಸರಳ ಲೆಕ್ಕವಿದೆ. ಹೊರದೇಶದ ಚಾನೆಲ್ಲುಗಳಲ್ಲಿ ಒಂದು ಗಂಟೆಯ ಕಾರ್ಯಕ್ರಮವೆಂದರೆ ಐವತ್ತು ನಿಮಿಷದ ಚಿತ್ರ, ಉಳಿದದ್ದು ಜಾಹೀರಾತು. ಇಲ್ಲಿಯ ಬಿಬಿಸಿಯಲ್ಲಿ ಜಾಹೀರಾತಿಲ್ಲ. ಸೋಪು ಮಾರಬೇಕಾದ ಹತ್ತು ನಿಮಿಷ ಖಾಲಿ ಉಳಿಯಿತು, ಅಲ್ಲಿ ಅಡುಗೆಮನೆಯ ಬಾಗಿಲು ತೆರೆದಿಟ್ಟರು. ಊಟ ಬಡಿಸಿದ ಮೇಲೆ ಒಲೆಯನ್ನೂ ತೋರಿಸುವ ಈ ರೂಢಿಯಿಂದ ನೋಡುಗರು ಸೂಕ್ಷ್ಮರಾದರು. ಯಾವುದು ಬೆಂದಿಲ್ಲ ಎಂದು ಅವರಿಗೇ ತಿಳಿಯತೊಡಗಿತು.

ತಿಳಿದದ್ದರ ಫಲ 2011ರಲ್ಲಿ ಸಿಕ್ಕಿತು. ಫ್ರೋಜನ್ ಪ್ಲಾನೆಟ್ ಸರಣಿಯಲ್ಲಿ ಹಿಮಕರಡಿ ಗುಹೆಯೊಳಗೆ ಮರಿ ಹಾಕುವ ದೃಶ್ಯವಿತ್ತು. ಅದನ್ನು ಹಿಡಿದದ್ದು ಧ್ರುವದಲ್ಲಲ್ಲ, ನೆದರ್ಲೆಂಡ್ಸಿನ ಒಂದು ಪ್ರಾಣಿಧಾಮದಲ್ಲಿ. ತೆರೆಯ ಮೇಲೆ ಅದನ್ನು ಹೇಳಿರಲಿಲ್ಲ, ವೆಬ್‌ಸೈಟಿನಲ್ಲಿ ಮಾತ್ರ ಹೇಳಿದ್ದರು. ಪತ್ರಿಕೆಗಳು ಮುಗಿಬಿದ್ದವು. ನಿರೂಪಕ ಡೇವಿಡ್ ಅಟೆನ್‌ಬರೋ, ಕಾಡಿನ ಗುಹೆಗೆ ಕ್ಯಾಮೆರಾ ನುಗ್ಗಿಸಿದರೆ ತಾಯಿ ಮರಿಯನ್ನು ಕೊಂದೀತು ಎಂದು ಸಮಜಾಯಿಷಿ ಕೊಟ್ಟರು. ಕಾರಣ ಸರಿಯೇ. ಆದರೂ ಜನ ಬಿಡಲಿಲ್ಲ. ಒಂದು ಕರಡಿಯ ಬಾಣಂತನಕ್ಕೆ ಇಡೀ ದೇಶ ವಾರಗಟ್ಟಲೆ ಜಗಳ ಆಡಿದ್ದನ್ನು ನೋಡಿ ನನಗೆ ಮೊದಲು ನಗು ಬಂತು, ಆಮೇಲೆ ಹೊಟ್ಟೆಕಿಚ್ಚು.

ಇದು ಕರಡಿಗಷ್ಟೇ ಸೀಮಿತವಾಗಿದ್ದರೆ ನಕ್ಕು ಬಿಡಬಹುದಿತ್ತು. 2024ರ ಅಕ್ಟೋಬರಿನಲ್ಲಿ ಬಿಬಿಸಿಯ ಪನೋರಮಾ ಎಂಬ ತನಿಖಾ ಸುದ್ದಿ ಕಾರ್ಯಕ್ರಮ ಟ್ರಂಪ್ ಭಾಷಣದ ದೂರದೂರದ ಎರಡು ತುಣುಕನ್ನು ಒಂದೇ ಮಾತಿನಂತೆ ಹೊಲಿದು ತೋರಿಸಿತು. ವರ್ಷದ ಮೇಲೆ ಅದು ಬಯಲಾಗಿ, 2025ರ ನವೆಂಬರಿನಲ್ಲಿ ಬಿಬಿಸಿಯ ಮಹಾನಿರ್ದೇಶಕ ಟಿಮ್ ಡೇವಿ ರಾಜೀನಾಮೆ ಘೋಷಿಸಿದರು. 1953ರಿಂದ ನಡೆಯುತ್ತಿರುವ ಕಾರ್ಯಕ್ರಮ ಅದು. 1995ರ ಡಯಾನಾ ಸಂದರ್ಶನ ದಕ್ಕಿಸಿಕೊಳ್ಳಲು ಸುಳ್ಳು ಬ್ಯಾಂಕ್ ಕಾಗದ ತೋರಿಸಿದ್ದೂ ಅದೇ ಕಾರ್ಯಕ್ರಮದ ವರದಿಗಾರ. ಆ ಮೋಸ ತನಿಖೆಯಲ್ಲಿ ಪೂರ್ತಿ ಹೊರಬರಲು 2021ರವರೆಗೆ ಕಾಯಬೇಕಾಯಿತು. ಅಂದರೆ ಇಲ್ಲಿ ಎಲ್ಲರೂ ಹರಿಶ್ಚಂದ್ರರಲ್ಲ. ತಪ್ಪು ಮಾಡುತ್ತಾರೆ, ಮುಚ್ಚುತ್ತಾರೆ, ಸಿಕ್ಕಿಬೀಳುತ್ತಾರೆ. ಸಿಕ್ಕಿಬಿದ್ದಾಗ "ನನ್ನ ದುಡ್ಡು" ಎನ್ನುವ ಕೋಟ್ಯಂತರ ಮಂದಿ ಬೇಲಿಯ ಬಳಿ ನಿಂತಿರುತ್ತಾರೆ, ಅಷ್ಟೇ.

ಈಗ ನಮ್ಮ ಕಡೆ ಬರೋಣ. ನಾನು ಜೀವನದಲ್ಲಿ ಮೊದಲು ನೋಡಿದ ಟಿವಿ ದೂರದರ್ಶನದ್ದೂ ಅಲ್ಲ ಎನ್ನಬೇಕು, ಆಕಾಶದ್ದು. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದಿಂದ ಎರವಲು ತಂದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ತೋರಿಸಿದರು. ಸೈಟ್ ಎಂದು ಅದರ ಹೆಸರು. ಕರ್ನಾಟಕದಲ್ಲಿ ಆ ಭಾಗ್ಯ ಬಂದದ್ದು ಬೆಂಗಳೂರು, ಮೈಸೂರಿಗಲ್ಲ. ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳಿಗೆ. ಬೆಂಗಳೂರಿನವರು ಟಿವಿ ಕಾಣುವ ಮೊದಲೇ ನಾವು ಕಂಡೆವು ಎಂದು ಇಲ್ಲಿನ ಕನ್ನಡ ಬಳಗದಲ್ಲಿ ನಾನು ಇಂದಿಗೂ ಮೀಸೆ ತಿರುವುತ್ತೇನೆ. ಯಾರೂ ನಂಬುವುದಿಲ್ಲ.

ನಮ್ಮೂರಿಗೆ ಸೆಟ್ಟು ಸಿಗಲಿಲ್ಲ, ಪಕ್ಕದೂರಿನ ಶಾಲೆಗೆ ಸಿಕ್ಕಿತು. ಕೋಳಿಗೂಡಿನ ಜಾಲರಿಯಿಂದ ಮಾಡಿದ, ಹತ್ತಡಿ ಅಗಲದ ಕೊಡೆಯಂಥ ಆಂಟೆನಾ. ನನಗೆ ಆರು ವರ್ಷ, ಅಣ್ಣನಿಗೆ ಹನ್ನೆರಡು. ಸಂಜೆ ಅವನ ಕೈ ಹಿಡಿದು ಹೊಲದ ಬದುವಿನ ಮೇಲೆ ನಡೆದು ಹೋಗುತ್ತಿದ್ದೆ. ಬೀಜ, ಗೊಬ್ಬರ, ದನದ ರೋಗ, ಕೂಸಿನ ಆರೈಕೆ, ಎಲ್ಲ ಕನ್ನಡದಲ್ಲಿ ಬರುತ್ತಿತ್ತು. ನಡುವೆ ಅರ್ಧ ಗಂಟೆ ದೆಹಲಿಯ ಹಿಂದಿ ಕಾರ್ಯಕ್ರಮ. ಆಗ ಗಂಡಸರು ಎದ್ದು ಬೀಡಿ ಸೇದಲು ಹೋಗುತ್ತಿದ್ದರು. ತುರ್ತು ಪರಿಸ್ಥಿತಿಯ ಕಾಲ ಬೇರೆ, ಸರ್ಕಾರದ ಗುಣಗಾನಕ್ಕೆ ಕೊರತೆಯಿರಲಿಲ್ಲ. ಆದರೂ ಮುದುಕರು ಮರುದಿನ ಕಟ್ಟೆಯ ಮೇಲೆ ಕೂತು ವಾದ ಮಾಡುತ್ತಿದ್ದರು: "ಅವ ಹೇಳಿದ ಔಷಧ ನಮ್ಮ ಎರೀ ಹೊಲಕ್ಕ ನಡೆಂಗಿಲ್ಲ." ಸಂಶೋಧಕರು ಬಂದು ಆ ಮಾತನ್ನೂ ಬರೆದುಕೊಂಡು ಹೋದರು. 1976ರ ಜುಲೈ 31ಕ್ಕೆ ವರ್ಷ ಮುಗಿಯಿತು. ಉಪಗ್ರಹ ಅದರ ಯಜಮಾನರಿಗೆ ಬೇಕಾಗಿತ್ತು, ಹೋಯಿತು. ಸೆಟ್ಟಿನ ಮೇಲೆ ಧೂಳು ಕೂತಿತು. ನಮ್ಮೂರ ಮುದುಕರ ಮಾತನ್ನು ಯಾವ ಟಿವಿಯವರೂ ಆಮೇಲೆ ಬರೆದುಕೊಂಡದ್ದನ್ನು ನಾನು ಕಂಡಿಲ್ಲ.

ದೂರದರ್ಶನ ಏನೂ ಮಾಡಲಿಲ್ಲ ಎಂದರೆ ನಾಲಿಗೆಯಲ್ಲಿ ಹುಳ ಬಿದ್ದೀತು. 1988ರಲ್ಲಿ ಶ್ಯಾಮ್ ಬೆನೆಗಲ್ ಅವರಿಂದ 53 ಕಂತುಗಳಲ್ಲಿ ಇಡೀ ದೇಶದ ಇತಿಹಾಸ ಹೇಳಿಸಿತು. ನಮ್ಮ ಚಂದನ ವಾಹಿನಿ 2002ರಿಂದ ನಡೆಸುತ್ತ ಬಂದ ಥಟ್ ಅಂತ ಹೇಳಿಯಲ್ಲಿ ಸರಿಯುತ್ತರಕ್ಕೆ ಕನ್ನಡ ಪುಸ್ತಕ ಬಹುಮಾನ. ಲಕ್ಷ ಲಕ್ಷ ಹಣ ಸುರಿಯುವ ಕ್ವಿಜ್‌ಗಳ ನಡುವೆ ಪುಸ್ತಕ ಕೊಟ್ಟು ಇಷ್ಟು ವರ್ಷ ಬಾಳಿದ ಕಾರ್ಯಕ್ರಮ ಬಿಬಿಸಿಯಲ್ಲೂ ನಾನು ನೋಡಿಲ್ಲ. ಆದರೆ ಸಾಕ್ಷ್ಯಚಿತ್ರದ ಮಾತು ಬಂದರೆ ಕತೆ ಬೇರೆ. ಆನಂದ್ ಪಟವರ್ಧನ್ ತಮ್ಮ ಚಿತ್ರಗಳನ್ನು ದೂರದರ್ಶನದಲ್ಲಿ ತೋರಿಸಲು ಮತ್ತೆ ಮತ್ತೆ ಕೋರ್ಟು ಹತ್ತಬೇಕಾಯಿತು. ಒಂದು ಚಿತ್ರಕ್ಕೆ 2006ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಅಂದರೆ ಅಲ್ಲಿ ಜಗಳ ಚಿತ್ರ ತೆಗೆದವನಿಗೂ ವಾಹಿನಿಗೂ. ನೋಡುವವನು ಆ ಜಗಳದಲ್ಲಿ ಎಲ್ಲೂ ಇಲ್ಲ. ಅವನ ದುಡ್ಡೂ ಅದರಲ್ಲಿದೆ, ತೆರಿಗೆಯಲ್ಲಿ ಬೆರೆತು ಹೋಗಿದೆ. ಬಿಲ್ಲು ಕೈಗೆ ಬರುವುದಿಲ್ಲವಾದ್ದರಿಂದ ತಾನು ಕೊಟ್ಟೆ ಎಂಬ ನೆನಪೇ ಇಲ್ಲ. 1990ರ ಪ್ರಸಾರ ಭಾರತಿ ಕಾಯ್ದೆಯಲ್ಲಿ ಜನರ ದೂರು ಕೇಳಲೆಂದೇ ಒಂದು ಪ್ರಸಾರ ಮಂಡಳಿಯ ಮಾತಿದೆ. ಅದರ ಹೆಸರು ಕೇಳಿದ ಒಬ್ಬ ನೋಡುಗನನ್ನೂ ನಾನು ಕಂಡಿಲ್ಲ.

ವೈಲ್ಡ್ ಕರ್ನಾಟಕ ಚಿತ್ರ ಬಂದಾಗ ನಮ್ಮ ಬಳಗದವರೆಲ್ಲ ಕುಣಿದಾಡಿದೆವು. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮಾ, ಅರಣ್ಯ ಇಲಾಖೆಯ ಜೊತೆ ಸೇರಿ ಮಾಡಿದ್ದು. ಇಂಗ್ಲಿಷಿನಲ್ಲಿ ಅಟೆನ್‌ಬರೋ ದನಿ, ಕನ್ನಡದಲ್ಲಿ ರಿಷಬ್ ಶೆಟ್ಟಿ ದನಿ. ಅಟೆನ್‌ಬರೋಗೆ ಅದರ ನಿರೂಪಣೆಗೆ ನಮ್ಮ ರಾಷ್ಟ್ರಪ್ರಶಸ್ತಿಯೂ ಬಂತು. ಪಕ್ಕದ ಅಜ್ಜಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ: "ನಿಮ್ಮ ಬಿಬಿಸಿ ತೋರಿಸಿತಾ?" ಇಲ್ಲ ಅಜ್ಜಿ. ಚಿತ್ರಮಂದಿರದಲ್ಲಿ ಬಂತು, ಆಮೇಲೆ 2020ರ ಜೂನ್ 5ರಂದು ಟಿವಿಯಲ್ಲಿ ಮೊದಲು ಬಂದದ್ದು ಡಿಸ್ಕವರಿಯಲ್ಲಿ. ನಮ್ಮ ಕಾಡು, ನಮ್ಮ ಇಲಾಖೆ, ನಮ್ಮ ಭಾಷೆ, ಖಾಸಗಿ ಚಾನೆಲ್ಲು. ಈ ಪ್ರಶ್ನೆ ಕೇಳಬೇಕೆಂದು ನನಗೆ ಯಾಕೆ ಹೊಳೆದಿರಲಿಲ್ಲ?

ಇಲ್ಲಿನದೆಲ್ಲ ಹೊನ್ನಲ್ಲ ಎನ್ನುವುದನ್ನೂ ಹೇಳಿಬಿಡುತ್ತೇನೆ. ಹಗಲು ಹೊತ್ತು ಟಿವಿ ಹಚ್ಚಿದರೆ ಹಳೆ ಸಾಮಾನಿನ ಹರಾಜು, ಪಾಳುಮನೆ ರಿಪೇರಿ. ಇವನ್ನೂ ಫ್ಯಾಕ್ಚುವಲ್, ಅಂದರೆ ಕಟ್ಟುಕತೆಯಲ್ಲದ್ದು, ಎಂಬ ಖಾತೆಗೇ ಬರೆಯುತ್ತಾರೆ. 1973ರಲ್ಲಿ ಇದೇ ಬಿಬಿಸಿಯಲ್ಲಿ ಜೇಕಬ್ ಬ್ರೊನೊವ್‌ಸ್ಕಿ ವಿಜ್ಞಾನದ ಇತಿಹಾಸ ಹೇಳುತ್ತ ಹೇಳುತ್ತ, ನಾಜಿಗಳು ಯಹೂದಿಗಳನ್ನು ಕೊಂದ ಆಷ್‌ವಿಟ್ಸಿನ ಕೊಳಕ್ಕೆ ಬೂಟುಗಾಲಲ್ಲೇ ಇಳಿದು, ತನ್ನ ಬಂಧುಗಳ ಬೂದಿ ಸೇರಿದ ಕೆಸರನ್ನು ಬೊಗಸೆಯಲ್ಲಿ ಎತ್ತಿದ ದೃಶ್ಯವನ್ನು ನೋಡಿದವರಿಗೆ ಈ ಹರಾಜಿನ ಕೂಗು ಕೇಳಿ ಮನಸ್ಸು ಕಹಿಯಾಗುತ್ತದೆ. ಬಿಬಿಸಿಯನ್ನು ನಡೆಸುವ ರಾಜಸನದು 2027ರ ಕೊನೆಗೆ ಮುಗಿಯುತ್ತದೆ. ಲೈಸೆನ್ಸ್ ಪದ್ಧತಿ ಉಳಿಯಬೇಕೋ ಬೇಡವೋ ಎಂಬ ಹಗ್ಗಜಗ್ಗಾಟ ನಡೆದಿದೆ. ನನ್ನ ಮಗಳ ವಯಸ್ಸಿನವರು ಯೂಟ್ಯೂಬು ನೋಡುತ್ತಾರೆ, ಅವರಿಗೆ ಇದು ಅಜ್ಜಿಯ ಕಾಲದ ತೆರಿಗೆ.

ಭಾರತದ ವಿಷಯಕ್ಕೆ ಬಂದರೆ ಬಿಬಿಸಿ ಕಣ್ಣಿನಲ್ಲಿ ದೋಷವಿದೆ ಎನ್ನುವವರ ಜೊತೆ ನಾನೂ ಎಷ್ಟೋ ಸಲ ತಲೆದೂಗಿದ್ದೇನೆ. 1970ರಲ್ಲಿ ಫ್ರಾನ್ಸಿನ ನಿರ್ದೇಶಕ ಲೂಯಿ ಮಾಲ್ ತೆಗೆದ ಭಾರತದ ಸರಣಿ ತೋರಿಸಿದ್ದಕ್ಕೆ ಇಂದಿರಾ ಸರ್ಕಾರ ದೆಹಲಿಯ ಬಿಬಿಸಿ ಕಚೇರಿ ಮುಚ್ಚಿಸಿತು. 2023ರ ಜನವರಿಯಲ್ಲಿ ಪ್ರಧಾನಿಯವರ ಕುರಿತ ಎರಡು ಕಂತಿನ ಚಿತ್ರದ ಲಿಂಕುಗಳನ್ನು ಈಗಿನ ಸರ್ಕಾರ ತಡೆಯಿತು. ನಾನು ಅದನ್ನು ಇಲ್ಲಿ ಕೂತು ನೋಡಿದೆ, ಕೆಲವು ಕಡೆ ಒಪ್ಪಿದೆ, ಕೆಲವು ಕಡೆ ಸಿಟ್ಟು ಬಂತು. ಅಣ್ಣ ಊರಲ್ಲಿ ನೋಡದೆಯೇ ಸಿಟ್ಟಾದ. ನನ್ನದು ನೋಡಿ ಬಂದ ಸಿಟ್ಟು, ಅವನದು ಕೇಳಿ ಬಂದ ಸಿಟ್ಟು. ಅವನಿಗೂ ನೋಡಿಯೇ ಬೈಯುವ ಅವಕಾಶ ಇರಬೇಕಿತ್ತು ಎಂಬುದಷ್ಟೇ ನನ್ನ ವಾದ.

ಹೋದ ಬೇಸಿಗೆಯಲ್ಲಿ ಅಣ್ಣ ಬ್ರಿಸ್ಟಲ್ಲಿಗೆ ಬಂದು ಒಂದು ತಿಂಗಳು ಇದ್ದ. ಮಧ್ಯಾಹ್ನ ಪಕ್ಕದ ಮನೆಯ ಅಜ್ಜಿ ಅವನನ್ನು ಚಹಾಕ್ಕೆ ಕರೆದು ಹರಾಜಿನ ಕಾರ್ಯಕ್ರಮದ ಮುಂದೆ ಕೂರಿಸುತ್ತಿದ್ದರು. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಒಂದು ದಿನ ಬಂದು ಕೇಳಿದ: "ಆಕಿ ಟಿವಿಗೆ ಬೈತಾಳಲ್ಲ, ಏನಂತಾಳ?" ನನ್ನ ದುಡ್ಡು ದಂಡ ಅಂತಾರೆ ಎಂದೆ. "ಬೈದು ಸುಮ್ನ ಕುಂದರ್ತಾಳೇನು?" ಇಲ್ಲ, ಪತ್ರ ಬರೀತಾರೆ, ಅವರು ಉತ್ತರ ಕೊಡಬೇಕು ಎಂದೆ.

ಊರಿಗೆ ಮುಟ್ಟಿದ ವಾರಕ್ಕೆ ಫೋನು ಬಂತು. ಬೆಂಗಳೂರು ದೂರದರ್ಶನದ ವಿಳಾಸ ಬೇಕಂತೆ. ಜೆ.ಸಿ. ನಗರ ಎಂದು ಬರೆಸಿದೆ. ಏನು ಬರೀತಿ ಎಂದು ಕೇಳಿದೆ.

"ತುಂಗಭದ್ರಾ ಕಾಲುವಿ ನೀರು ನಮ್ಮ ಕೊನೀ ಭಾಗಕ್ಕ ಯಾಕ ಮುಟ್ಟಂಗಿಲ್ಲ, ನಡುವ ಎಲ್ಲಿ ಹೊಕ್ಕೈತಿ, ಕ್ಯಾಮೆರಾ ಹಿಡ್ಕೊಂಡು ಡ್ಯಾಮಿನಿಂದ ನಮ್ಮ ಹೊಲದ ತನಕ ಒಂದ್ ಸಲ ನಡ್ಕೊಂಡು ಬರ್ರಿ ಅಂತ ಬರೀತೀನಿ."

"ಉತ್ತರ ಬರದಿದ್ರೆ?"

"ಇನ್ನೊಂದು ಬರದ್ರಾತು. ಕಾರ್ಡಿಗೆ ಎಂಟಾಣೆ. ನಿನ್ನ ಲೈಸೆನ್ಸಿಗಿಂತ ಸೋವಿ."